ಹಸಿವಿಲ್ಲ ಎಂದರು, ನಾನೂ ನಂಬಿದೆ

ಒಂದೇ ಬಗೆಯ ದೂರು ಹೊತ್ತು, ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನನ್ನ ಬಳಿ ಬಂದವರಲ್ಲಿ ಇವರು ಐದನೆಯವರು. ದೂರು ಊಟದ ಬಗ್ಗೆ ಅಲ್ಲ. ಸಣ್ಣಪುಟ್ಟದಕ್ಕೂ ಸಿಟ್ಟು, ನಡುರಾತ್ರಿ ಎಚ್ಚರ, ಓದಿದ್ದು ತಲೆಗೆ ಹತ್ತದಿರುವುದು, ಮನೆಯವರ ಮೇಲೆ ಕೂಗಾಡಿ ಆಮೇಲೆ ಒಬ್ಬರೇ ಕೂತು ಅಳುವುದು. ಕೀಟೋ, ಅಂದರೆ ಪಿಷ್ಟ, ಸಕ್ಕರೆಗಳನ್ನು ತೀರಾ ಇಳಿಸಿ ಕೊಬ್ಬನ್ನು ನೆಚ್ಚುವ ಪಥ್ಯ, ಎಂಬ ಮಾತು ಎಷ್ಟೋ ಹೊತ್ತಿನ ನಂತರ, ಬೇರೇನನ್ನೋ ಹೇಳುವಾಗ ನುಸುಳುತ್ತದೆ. ಈ ಐದನೆಯವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಹೆಣ್ಣುಮಗಳು, ವಯಸ್ಸು 36. ಕುಳಿತು ಮಾಡುವ ಕೆಲಸ. ರಕ್ತದ ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ ಎಂದು ವೈದ್ಯರು ಹೇಳಿದ್ದರು. ಕೀಟೋ ಶುರು ಮಾಡಿದಾಗ 86 ಕಿಲೋ ಇದ್ದವರು ನನ್ನ ಬಳಿ ಬರುವ ಹೊತ್ತಿಗೆ 14 ವಾರಗಳಲ್ಲಿ 74ಕ್ಕೆ ಇಳಿದಿದ್ದರು. ಮೊದಲ ದಿನ ಅದನ್ನು ಹೇಳಿದಾಗ ನಾನು “ಒಳ್ಳೆಯ ಸಾಧನೆ” ಎಂದೆ. ಆ ಮಾತು ನನ್ನ ಟಿಪ್ಪಣಿಯಲ್ಲಿ ಹಾಗೇ ಇದೆ, ಮತ್ತು ಈ ಬರಹಕ್ಕೆ ಅರ್ಧ ಕಾರಣ ಅದೇ. ಏನು ತಿನ್ನುತ್ತೀರಿ ಎಂದು ನಾನು ಕೇಳಲೇ ಇಲ್ಲ. ಸಿಟ್ಟಿನ ಬೇರು ಎಲ್ಲಿದೆ ಎಂದು ಸಂಸಾರದಲ್ಲಿ, ಕಚೇರಿಯಲ್ಲಿ, ಬಾಲ್ಯದಲ್ಲಿ ಹುಡುಕುತ್ತ ಮೂರು ಭೇಟಿಗಳನ್ನು ಕಳೆದೆ.

ನಾಲ್ಕನೆಯ ಭೇಟಿಯಲ್ಲಿ ನಿದ್ದೆಯ ಮಾತು ಬಂತು.

“ಎಚ್ಚರ ಆದ ಮೇಲೆ ಏನು ಮಾಡ್ತೀರಿ?”

“ಫೋನ್ ನೋಡ್ತೀನಿ ಮೇಡಂ.”

“ಏನು ನೋಡ್ತೀರಿ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನೇ ನನ್ನ ಕೈಗಿಟ್ಟರು. ಉಳಿಸಿಟ್ಟುಕೊಂಡ ವಿಡಿಯೋಗಳು, ಮುನ್ನೂರಕ್ಕೂ ಹೆಚ್ಚು. ಎಲ್ಲವೂ ಅಡುಗೆಯವು. ಬ್ರೆಡ್ ಉಬ್ಬುವುದು, ಕೇಕಿನ ಮೇಲೆ ಕೆನೆ ಸವರುವುದು, ಎಣ್ಣೆಯಲ್ಲಿ ಏನೋ ಬಂಗಾರದ ಬಣ್ಣಕ್ಕೆ ತಿರುಗುವುದು.

“ಇದರಲ್ಲಿ ಒಂದನ್ನೂ ಮಾಡಿಲ್ಲ. ಮಾಡೋದೂ ಇಲ್ಲ. ಬರೀ ನೋಡ್ತೀನಿ. ಒಂದೂವರೆ ಗಂಟೆ, ಎರಡು ಗಂಟೆ.”

“ನೋಡುವಾಗ ಹಸಿವಾಗುತ್ತಾ?”

“ಇಲ್ಲವೇ ಇಲ್ಲ. ಹಸಿವು ಅನ್ನೋದೇ ಹೊರಟುಹೋಗಿದೆ. ಅದಕ್ಕೇ ಅಲ್ವಾ, ಇದು ಸರಿಯಾಗಿ ನಡೀತಿದೆ ಅಂತ ನನಗೆ ಗೊತ್ತಾಗಿದ್ದು?”

ಹಸಿವೇ ಇಲ್ಲದ ಮನುಷ್ಯ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಬ್ರೆಡ್ ಬೇಯುವುದನ್ನು ಏಕೆ ನೋಡುತ್ತಾನೆ? ನನಗೆ ತಕ್ಷಣ ನೆನಪಾದದ್ದು ಮಿನ್ನೆಸೋಟ ವಿಶ್ವವಿದ್ಯಾಲಯದ ಉಪವಾಸ ಪ್ರಯೋಗ. ಮನಶ್ಶಾಸ್ತ್ರ ಓದುವಾಗ ಕಲಿತದ್ದು, ಯಾವತ್ತೂ ಮರೆತಿಲ್ಲ. ಅದನ್ನೇ ಅವರಿಗೆ ಹೇಳಿದೆ. 1944ರ ಕೊನೆಯಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರನ್ನು ಆರಿಸಿಕೊಂಡರು. ಎಲ್ಲರೂ ತಾವಾಗಿಯೇ ಮುಂದೆ ಬಂದವರು. 24 ವಾರ ಅವರಿಗೆ ಅರೆಹೊಟ್ಟೆ ಊಟ. ತೂಕ ಸುಮಾರು ಕಾಲು ಭಾಗ ಇಳಿಯಿತು. ಅದು ನಿರೀಕ್ಷಿತವೇ. ಆದರೆ ಅವರ ಮನಸ್ಸು ಹೋದ ದಾರಿಯನ್ನು ನೋಡಿ. ಸಿಡುಕು, ಮಂಕು, ಚಳಿ, ಒಬ್ಬರೇ ಇರುವ ಆಸೆ. ಯುದ್ಧದ ಸುದ್ದಿ ಬೇಡವಾಯಿತು, ಹೆಣ್ಣಿನ ಆಸೆಯೂ ಬತ್ತಿತು. ಕೈಗೆ ಬಂದದ್ದು ಅಡುಗೆ ಪುಸ್ತಕಗಳು. ಅಡುಗೆಯಲ್ಲಿ ಯಾವ ಆಸಕ್ತಿಯೂ ಇಲ್ಲದಿದ್ದ ಯುವಕರು ಪಾಕವಿಧಾನಗಳನ್ನು ಓದುತ್ತ, ಕೂಡಿಡುತ್ತ ಕೂತರು.

ಆಕೆ ಫೋನನ್ನು ಮಗುಚಿಟ್ಟರು. “ಅವರಿಗೆ ದಿನಕ್ಕೆ ಎಷ್ಟು ಕೊಡ್ತಿದ್ರು?”

“ಸುಮಾರು 1,570 ಕ್ಯಾಲೊರಿ.”

ಬಹಳ ಹೊತ್ತು ಮಾತಿಲ್ಲ. ಆಮೇಲೆ, “ನನ್ನದು ಅದರ ಅರ್ಧವೂ ಇಲ್ಲ ಮೇಡಂ.”

ಅವರು ಗಂಡಸರು, ವಾರಕ್ಕೆ 35 ಕಿಲೋಮೀಟರು ನಡೆಯಬೇಕಿತ್ತು, ಶುರುವಿನಲ್ಲಿ ಯಾರಿಗೂ ಹೆಚ್ಚಿನ ತೂಕವಿರಲಿಲ್ಲ, ನಿಮ್ಮ ಮೈಯಲ್ಲಿ ಕೊಬ್ಬಿನ ದಾಸ್ತಾನಿದೆ, ಎರಡನ್ನೂ ಹಾಗೇ ತೂಗಿ ನೋಡಬಾರದು ಎಂದೆ. ನಿಜವನ್ನು ಹಿಗ್ಗಿಸಿ ಹೆದರಿಸುವುದು ನನ್ನ ಪದ್ಧತಿಯಲ್ಲ. ಆದರೆ ಆ ಸಂಖ್ಯೆ ಅವರೊಳಗೆ ಇಳಿದುಬಿಟ್ಟಿತ್ತು. ಚೀಲದಿಂದ ಪುಟ್ಟ ನೋಟುಪುಸ್ತಕ ತೆಗೆದರು. ಎಲ್ಲ ಬರೆದಿಟ್ಟಿದ್ದರು, ಯಾರಿಗೂ ತೋರಿಸಿರಲಿಲ್ಲ. ಬೆಳಿಗ್ಗೆ ಒಂದು ಚಮಚ ಬೆಣ್ಣೆ ಹಾಕಿದ ಕಪ್ಪು ಕಾಫಿ. ಮಧ್ಯಾಹ್ನ ಎರಡು ಬೇಯಿಸಿದ ಮೊಟ್ಟೆ, ಸೌತೆಕಾಯಿ. ಸಂಜೆ ಎಣಿಸಿ ಹತ್ತು ಬಾದಾಮಿ. ರಾತ್ರಿ ಚರ್ಮ ತೆಗೆದ ಕೋಳಿ 150 ಗ್ರಾಂ, ಸೊಪ್ಪು, ಒಂದು ಟೀಚಮಚ ಎಣ್ಣೆ. ಕೂಡಿದರೆ 700 ದಾಟುವುದಿಲ್ಲ.

ಇದು ಹೇಗಾಯಿತು ಎಂಬುದನ್ನು ಓದುಗರು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಐವರಲ್ಲೂ ಹೀಗೇ ಆಗಿತ್ತು. ಕೀಟೋದಲ್ಲಿ ಪಿಷ್ಟ, ಸಕ್ಕರೆಗಳನ್ನು ಸಾಮಾನ್ಯವಾಗಿ ದಿನಕ್ಕೆ 20ರಿಂದ 50 ಗ್ರಾಂಗೆ ಇಳಿಸುತ್ತಾರೆ. ಮೊದಲು 250 ಗ್ರಾಂ ತಿನ್ನುತ್ತಿದ್ದವರು 25ಕ್ಕೆ ಬಂದರೆ, ಗ್ರಾಂಗೆ 4ರಂತೆ ಸುಮಾರು 900 ಕ್ಯಾಲೊರಿ ತಟ್ಟೆಯಿಂದ ಎದ್ದು ಹೋಗುತ್ತದೆ. ಆ ಜಾಗದಲ್ಲಿ ಕೊಬ್ಬು ಬಂದು ಕೂರಬೇಕು, ಪೂರ್ತಿ ಅಲ್ಲದಿದ್ದರೂ ಒಂದಷ್ಟಾದರೂ. ಆದರೆ ಕೊಬ್ಬೆಂದರೆ ಹೆದರಬೇಕು ಎಂದು ಕಲಿತೇ ಬೆಳೆದವರು ನಾವು. ಆಕೆ ಪಿಷ್ಟವನ್ನು ಬಿಟ್ಟರು, ಕೊಬ್ಬಿನ ಭಯವನ್ನು ಬಿಡಲಿಲ್ಲ. ಹೊಸ ಪಥ್ಯದ ಜೊತೆಗೆ ಹಳೆಯ ಪಥ್ಯವೂ ನಡೆಯಿತು. ಮಾಮೂಲಿ ಪಥ್ಯದಲ್ಲಾದರೆ ಹೊಟ್ಟೆ ಮೂರೇ ದಿನಕ್ಕೆ ಗಲಾಟೆ ಎಬ್ಬಿಸುತ್ತಿತ್ತು. ಕೀಟೋದಲ್ಲಿ, ಮೈ ಕೊಬ್ಬನ್ನು ಉರಿಸಿದಾಗ ಹುಟ್ಟಿ ರಕ್ತದಲ್ಲಿ ಏರುವ ಕೀಟೋನುಗಳು ಹಸಿವನ್ನು ತಗ್ಗಿಸುತ್ತವೆ. ಈ ಕ್ರಮದ ಅನುಕೂಲವೂ ಅದೇ, ಅಪಾಯವೂ ಅದೇ. ಬಾಗಿಲು ಕಾಯುವವನು ನಿದ್ದೆ ಹೋದಾಗ ಮನೆಯಲ್ಲಿ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ.

“ಆದರೆ ಪಟ್ಟಿ ಕಡುನೇರಳೆ ಬರುತ್ತಲ್ಲ?” ಎಂದು ಕೇಳಿದರು. ಮೂತ್ರದಲ್ಲಿ ಕೀಟೋನು ನೋಡುವ ಕಾಗದದ ಪಟ್ಟಿಯ ಮಾತು. ಊಟ ಕಡಿಮೆ ಮಾಡಿದಷ್ಟೂ ಬಣ್ಣ ಗಾಢವಾಗುತ್ತಿತ್ತು, ಅದನ್ನು ಬಹುಮಾನದಂತೆ ಕಾಣುತ್ತಿದ್ದರು. ಊಟವೇ ಇಲ್ಲದೆ ಕೂತವರ ಮೂತ್ರದಲ್ಲೂ ಕೀಟೋನು ಇರುತ್ತದೆ, ನೀರು ಕಡಿಮೆ ಕುಡಿದರೂ ಬಣ್ಣ ಗಾಢವಾಗಿ ಕಾಣುತ್ತದೆ. ಮೈ ಕೊಬ್ಬನ್ನು ಉರಿಸುತ್ತಿದೆ ಎಂದಷ್ಟೇ ಆ ಪಟ್ಟಿ ಹೇಳಬಲ್ಲದು. ಮೈಗೆ ಸಾಕಾಗುವಷ್ಟು ಸಿಗುತ್ತಿದೆಯೇ ಎಂದು ಹೇಳಲಾರದು. ಇದನ್ನು ಹೇಳಿದಾಗ ಅವರ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ, ಮೋಸಹೋದವರ ನೋವು. ಆಮೇಲೆ, ಕೇಳದೆಯೇ, ಇನ್ನೆರಡು ಸಂಗತಿ ಹೇಳಿದರು: ಎರಡು ತಿಂಗಳಿಂದ ಮುಟ್ಟಾಗಿಲ್ಲ, ಬಾಚಣಿಗೆಯಲ್ಲಿ ಕೂದಲು ಕಂತೆಯಾಗಿ ಬರುತ್ತಿದೆ.

ಅಲ್ಲಿಗೆ ನಾನು ಮಾತು ನಿಲ್ಲಿಸಿ ವೈದ್ಯರ ಬಳಿ ಕಳಿಸಿದೆ. ರಕ್ತಪರೀಕ್ಷೆ, ಥೈರಾಯ್ಡ್, ಪೊಟ್ಯಾಸಿಯಂ, ಸೋಡಿಯಂ, ಕಬ್ಬಿಣ ಎಲ್ಲ ನೋಡಿಸದೆ ಮುಂದಿನ ಹೆಜ್ಜೆ ಇಡುವುದು ನನ್ನ ಮಟ್ಟಿಗೆ ತಪ್ಪು. ಗರ್ಭವಲ್ಲ, ಥೈರಾಯ್ಡ್ ಸರಿಯಿದೆ, ಕಬ್ಬಿಣ ಕಡಿಮೆ ಎಂದು ವರದಿ ಬಂತು. ಮೈಗೆ ಬೇಕಾದ ಶಕ್ತಿ ಸಿಗದೆ ಹೋದಾಗ ಮುಟ್ಟು ನಿಲ್ಲುವುದು, ತೂಕ ವೇಗವಾಗಿ ಇಳಿದ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಹೊಸದೇನಲ್ಲ. ದಿನಕ್ಕೆ 800ಕ್ಕಿಂತ ಕಡಿಮೆ ಕ್ಯಾಲೊರಿಯ ಕ್ರಮ ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕಾದದ್ದು. ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು. ಆಕೆ ಇದನ್ನೆಲ್ಲ ಒಬ್ಬರೇ, ಅಡುಗೆಮನೆಯಲ್ಲಿ ನಿಂತು, ನೋಟುಪುಸ್ತಕ ಹಿಡಿದು ಮಾಡಿದ್ದರು.

ಈಗ ನಾನು ಕೊಟ್ಟ ಸಲಹೆ. ಇದನ್ನು ನನ್ನ ವೃತ್ತಿಯವರೇ ಕೆಲವರು ಒಪ್ಪಲಿಲ್ಲ, ಆದ್ದರಿಂದ ಕಾರಣ ಸಮೇತ ಹೇಳುತ್ತೇನೆ. ಊಟದ ಬಗ್ಗೆ ಆತಂಕ ಇರುವವರಿಗೆ ನಾವು ಸಾಮಾನ್ಯವಾಗಿ ಹೇಳುವುದು, ಎಣಿಸುವುದನ್ನು ಬಿಡಿ, ಹಸಿವಾದಾಗ ತಿನ್ನಿ, ಸಾಕೆನಿಸಿದಾಗ ನಿಲ್ಲಿಸಿ ಎಂದು. ಒಳ್ಳೆಯ ಮಾತೇ. ಆದರೆ ಹಸಿವೇ ಬಾರದವರಿಗೆ ‘ಹಸಿವಾದಾಗ ತಿನ್ನಿ’ ಎಂದರೆ ತಿನ್ನಬೇಡಿ ಎಂದ ಹಾಗೆ. ನಾನು ಎಣಿಸಿ ಎಂದೆ. ಆದರೆ ಲೆಕ್ಕವನ್ನು ತಲೆಕೆಳಗು ಮಾಡಿದೆ. ಇಷ್ಟು ದಿನ ಸಂಖ್ಯೆ ಮೇಲ್ಮಿತಿಯಾಗಿತ್ತು, ದಾಟಿದರೆ ತಪ್ಪು. ಇನ್ನು ಅದು ಕೆಳಮಿತಿ. ಅದಕ್ಕಿಂತ ಕೆಳಗಿಳಿದ ದಿನ ನೀವು ಪಥ್ಯ ಮುರಿದಿರಿ ಎಂದರ್ಥ.

ಕೆಳಮಿತಿ ಎಷ್ಟು? ಪೌಷ್ಟಿಕ ತಜ್ಞರ ಜೊತೆ ಕೂತು ಲೆಕ್ಕ ಹಾಕಿದೆವು. 74 ಕಿಲೋ, 160 ಸೆಂಟಿಮೀಟರ್, 36 ವರ್ಷ. ಮಿಫ್ಲಿನ್ ಸೂತ್ರದ ಪ್ರಕಾರ ಸುಮ್ಮನೆ ಮಲಗಿದ್ದರೂ ಮೈಗೆ ದಿನಕ್ಕೆ ಸುಮಾರು 1,400 ಕ್ಯಾಲೊರಿ ಬೇಕು, ಓಡಾಟ ಸೇರಿದರೆ 1,900. ಅದರಲ್ಲಿ 500 ಕಡಿಮೆ ಮಾಡಿದರೆ 1,400. ತೂಕ ಇಳಿಯಲು ಅಷ್ಟು ಕೊರತೆ ಧಾರಾಳ ಸಾಕು. ಪ್ರೋಟೀನು ಮೊದಲು, ಕಿಲೋ ತೂಕಕ್ಕೆ 1.2 ಗ್ರಾಂನಂತೆ ಸುಮಾರು 90 ಗ್ರಾಂ. ಅದನ್ನು ತುಂಬಿಸಿಕೊಂಡ ಮೇಲೆ ಉಳಿದದ್ದು ಕೊಬ್ಬು. ಕೋಳಿಯ ಬದಲು ಎಣ್ಣೆಯಂಶವಿರುವ ಮೀನು, ಎರಡು ಮೊಟ್ಟೆಯ ಜಾಗದಲ್ಲಿ ಮೂರು, ಒಂದು ತುಣುಕು ಚೀಸ್, ಒಂದು ಹಿಡಿ ಬಾದಾಮಿ, ಸೊಪ್ಪಿನ ಮೇಲೆ ಎರಡು ದೊಡ್ಡ ಚಮಚ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲೊರಿ, ಆದ್ದರಿಂದ ತಟ್ಟೆ ಅಷ್ಟೇನೂ ದೊಡ್ಡದಾಗಲಿಲ್ಲ. ದಿನದ ಲೆಕ್ಕವನ್ನು ವಾರಕ್ಕೆ 150 ಕ್ಯಾಲೊರಿಯಂತೆ ನಿಧಾನವಾಗಿ ಏರಿಸಿದೆವು. ಹಸಿವು ಇರಲಿ ಬಿಡಲಿ, ಗಡಿಯಾರ ನೋಡಿ ಮೂರು ಹೊತ್ತು ಊಟ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನು ಹೆಚ್ಚು ಹೊರಹಾಕುವುದರಿಂದ ಉಪ್ಪನ್ನೂ ವೈದ್ಯರು ಹೇಳಿದಷ್ಟು ಹೆಚ್ಚಿಸಿದೆವು.

ಕೀಟೋವನ್ನೇ ಬಿಡಿಸಬೇಕಿತ್ತು ಎಂದವರೂ ಇದ್ದಾರೆ. ಬಿಡಿ ಎಂದಿದ್ದರೆ ಆಕೆ ನನ್ನನ್ನು ಬಿಡುತ್ತಿದ್ದರು, ಪಥ್ಯವನ್ನಲ್ಲ. ಸಕ್ಕರೆ ಗಡಿಯಿಂದ ಕೆಳಗೆ ಬಂದದ್ದು ಅವರ ಬದುಕಿನಲ್ಲಿ ದೊಡ್ಡ ಸಂಗತಿ, ಅದನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ. ಆದರೆ ಎಲ್ಲರಿಗೂ ನಾನು ಹೀಗೆ ಹೇಳಲಾರೆ. ಊಟದ ವಿಷಯದಲ್ಲಿ ಮಾನಸಿಕ ಕಾಯಿಲೆಯ ಇತಿಹಾಸ ಇರುವವರು, ಗರ್ಭಿಣಿಯರು, ಹಾಲೂಡಿಸುವವರು ಈ ದಾರಿಗೇ ಬರಬಾರದು ಎಂಬುದು ನನ್ನ ಗಟ್ಟಿ ನಿಲುವು. ಇನ್ಸುಲಿನ್ ತೆಗೆದುಕೊಳ್ಳುವವರು ಔಷಧಿಯ ಪ್ರಮಾಣ ಬದಲಿಸದೆ ಕೀಟೋ ಮಾಡಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುವ ಗ್ಲಿಫ್ಲೋಜಿನ್ ವರ್ಗದ ಮಾತ್ರೆ ನುಂಗುವವರಿಗೆ ರಕ್ತದ ಸಕ್ಕರೆ ಸರಿಯಾಗಿ ಕಾಣುತ್ತಿರುವಾಗಲೇ ಕೀಟೋಆಸಿಡೋಸಿಸ್, ಅಂದರೆ ಕೀಟೋನುಗಳು ಮಿತಿಮೀರಿ ರಕ್ತ ಆಮ್ಲೀಯವಾಗುವುದು, ಆಗಬಹುದು, ಅದು ಪ್ರಾಣಕ್ಕೆ ಎರವಾಗುವಂಥದ್ದು.

ಹತ್ತನೆಯ ದಿನ ಫೋನ್ ಬಂತು, ಅಳುವ ದನಿ. ತೂಕ 1.2 ಕಿಲೋ ಏರಿದೆ. ಒಂದು ಕಿಲೋ ಕೊಬ್ಬು ಕೂಡಲು ಸುಮಾರು 7,700 ಕ್ಯಾಲೊರಿ ಮಿಗಬೇಕು, ನೀವು ಇನ್ನೂ ನಿಮ್ಮ ಅಗತ್ಯಕ್ಕಿಂತ ಕಡಿಮೆಯೇ ತಿನ್ನುತ್ತಿದ್ದೀರಿ, ಇದು ಉಪ್ಪು ಹಿಡಿದ ನೀರು ಮತ್ತು ಹೊಟ್ಟೆಯಲ್ಲಿರುವ ಊಟದ ಭಾರ ಎಂದು ವಿವರಿಸಿದೆ. ಶುರುವಿನ ವಾರದಲ್ಲಿ ಮೂರು ಕಿಲೋ ಇಳಿದಾಗಲೂ ಬಹುಪಾಲು ಹೋಗಿದ್ದು ನೀರೇ. ಮೈಯಲ್ಲಿ ಸಕ್ಕರೆಯ ದಾಸ್ತಾನಾಗಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ, ಅದು ಖಾಲಿಯಾದಾಗ ನೀರೂ ಹೋಗುತ್ತದೆ. ಅರ್ಥವಾಯಿತು ಎಂದರು. ಮರುದಿನ ಮತ್ತೆ 700ಕ್ಕೆ ಇಳಿದಿದ್ದನ್ನು ನೋಟುಪುಸ್ತಕದಲ್ಲಿ ಆಮೇಲೆ ನೋಡಿದೆ. ಎರಡು ವಾರ ಹೀಗೇ ಏರಿಳಿತ. ತಕ್ಕಡಿಯನ್ನು ಅಕ್ಕನ ಮನೆಯಲ್ಲಿಟ್ಟು ಹದಿನೈದು ದಿನಕ್ಕೊಮ್ಮೆ ನೋಡುವುದೆಂದು ತಾವೇ ನಿರ್ಧರಿಸಿದರು. ಅದು ನನ್ನ ಸಲಹೆಯಲ್ಲ, ನನ್ನ ಯಾವ ಸಲಹೆಗಿಂತಲೂ ಹೆಚ್ಚು ಕೆಲಸ ಮಾಡಿದ್ದು ಅದೇ.

ಮೂರನೆಯ ತಿಂಗಳಿಗೆ ಮುಟ್ಟಾಯಿತು. ತೂಕ ವಾರಕ್ಕೆ 300, 400 ಗ್ರಾಂನಂತೆ ಇಳಿಯುತ್ತಿದೆ, ಕೆಲವು ವಾರ ಇಳಿಯುವುದಿಲ್ಲ. ಕೂದಲು ಇನ್ನೂ ಉದುರುತ್ತಿದೆ, ಸಮಯ ಹಿಡಿಯುತ್ತದೆ. ಸಿಟ್ಟು ಪೂರ್ತಿ ಹೋಗಿಲ್ಲ, ಅದರಲ್ಲಿ ಒಂದು ಪಾಲು ನಿಜಕ್ಕೂ ಮನೆಯದೇ ಆಗಿತ್ತು, ಈಗ ಅದರ ಬಗ್ಗೆ ಮಾತಾಡುತ್ತಿದ್ದೇವೆ. ರಾತ್ರಿ ಎಚ್ಚರವಾಗುವುದು ಅಪರೂಪ. ಪಟ್ಟಿಯ ಡಬ್ಬಿ ಸ್ನಾನದ ಮನೆಯ ಕಪಾಟಿನಲ್ಲಿ ಇನ್ನೂ ಇದೆಯಂತೆ. ಎಸೆದುಬಿಡಿ ಎಂದು ನಾನು ಹೇಳಿಲ್ಲ.