ಪ್ರತಿ: ವಿಎಸ್ ಕೋಡ್ ಎಕ್ಸ್‌ಟೆನ್ಶನ್ ಬರೆಯೋಕೆ ಹೊರಟೆ, ಕಮಾಂಡೇ ಓಡ್ತಿಲ್ಲ

ವಿಎಸ್ ಕೋಡ್ ಅನ್ನೋ ಕೋಡ್ ಎಡಿಟರ್‌ಗೆ ಎಕ್ಸ್‌ಟೆನ್ಶನ್ (ಹೊಸ ಸೌಲಭ್ಯ ಸೇರಿಸೋ ಪುಟ್ಟ ಪ್ರೋಗ್ರಾಂ) ಬರೀತಾ, ‘ಯೋ ಕೋಡ್’ ಅನ್ನೋ ಟೂಲ್ ಕೊಟ್ಟ ಮಾದರಿ ಓಡಿತು, ಕಮಾಂಡಿನ ಹೆಸರು ಬದಲಿಸಿದ ಮೇಲೆ ‘ನಾಟ್ ಫೌಂಡ್’ ಬರ್ತಿದೆ ಅಂದ್ರಲ್ಲ, ಬಹುಶಃ ಒಂದೇ ಕಡೆ ಬದಲಿಸಿದ್ದೀರಿ. ಆ ಹೆಸರು, ಅಂದ್ರೆ ಕಮಾಂಡಿನ ಐಡಿ, ಎರಡು ಕಡೆ ಇರುತ್ತೆ: ಎಕ್ಸ್‌ಟೆನ್ಶನ್‌ನ ವಿವರ ಇರೋ ಪ್ಯಾಕೇಜ್ ಡಾಟ್ ಜೇಸನ್‌ನ ‘ಕಾಂಟ್ರಿಬ್ಯೂಟ್ಸ್’ ಒಳಗೆ, ಆಮೇಲೆ ಕೋಡಿನ ‘ರಿಜಿಸ್ಟರ್‌ಕಮಾಂಡ್’ನಲ್ಲಿ. ಒಂದಕ್ಷರವೂ ಹೆಚ್ಚುಕಮ್ಮಿ ಆಗಬಾರದು. ಮೊದಲನೆಯದು ಕಮಾಂಡ್‌ಗಳ ಪಟ್ಟಿಯಾದ ಪ್ಯಾಲೆಟ್‌ನಲ್ಲಿ ಹೆಸರು ತೋರಿಸುತ್ತೆ ಅಷ್ಟೆ, ಕೆಲಸ ಮಾಡೋದು ಎರಡನೆಯದು. ಅದಕ್ಕೇ ಪಟ್ಟಿಯಲ್ಲಿ ಕಾಣುತ್ತೆ, ಒತ್ತಿದ್ರೆ ಕೈಕೊಡುತ್ತೆ.

ಅದು ಸರಿಯಿದ್ರೆ ಎಕ್ಸ್‌ಟೆನ್ಶನ್ ಶುರುವಾಗುವಾಗ ಓಡೋ ‘ಆಕ್ಟಿವೇಟ್’ ಫಂಕ್ಷನ್ ಮಧ್ಯದಲ್ಲೇ ಮುಗ್ಗರಿಸಿರಬಹುದು. ಅದರ ಎರರ್, ಪರೀಕ್ಷೆಗೆ ಅಂತ ಎಫ್5 ಒತ್ತಿದಾಗ ತೆರೆಯೋ ಹೊಸ ವಿಂಡೋದಲ್ಲಲ್ಲ, ನೀವು ಕೋಡ್ ಬರೀತಿರೋ ಹಳೇ ವಿಂಡೋದ ಡೀಬಗ್ ಕನ್ಸೋಲ್‌ನಲ್ಲಿ ನೋಡಿ. ನಾನು ಒಂದು ಸಂಜೆಯಿಡೀ ತಪ್ಪು ವಿಂಡೋ ಮುಂದೆ ಕೂತು ತಲೆ ಕೆರ್ಕೊಂಡಿದ್ದೆ!

ಟೈಪ್‌ಸ್ಕ್ರಿಪ್ಟ್ ಕಲಿತೇ ಶುರು ಮಾಡ್ಬೇಕಾ ಅಂತ ಕೇಳಿದ್ರಿ. ಬೇಡ, ಜಾವಾಸ್ಕ್ರಿಪ್ಟ್ ಸಾಕು. ಟೈಪ್‌ಸ್ಕ್ರಿಪ್ಟ್ ಆದ್ರೆ ಅದನ್ನ ಜಾವಾಸ್ಕ್ರಿಪ್ಟ್‌ಗೆ ಬದಲಿಸ್ಬೇಕು (ಕಂಪೈಲ್); ಮೊದಲ ವಾರದಲ್ಲೇ ಅದನ್ನ ಮರೆತು ಹಳೇ ಕೋಡೇ ಓಡ್ತಿರೋ ಕಾಟ ಯಾಕೆ? ಕೋಡ್ ತಿದ್ದಿದ ಮೇಲೆ ಹೊಸ ವಿಂಡೋ ರೀಲೋಡ್ ಮಾಡೋದು ಮಾತ್ರ ಮರೀಬೇಡಿ.

ಇನ್ನು ಸ್ಟೇಟಸ್ ಬಾರ್‌ನಲ್ಲಿ ಕನ್ನಡ ಅಕ್ಷರ ಎಣಿಸೋ ನಿಮ್ಮ ಐಡಿಯಾ ನಂಗೆ ತುಂಬಾ ಇಷ್ಟ ಆಯ್ತು. ಆದ್ರೆ ಜಾವಾಸ್ಕ್ರಿಪ್ಟ್‌ನಲ್ಲಿ ಪಠ್ಯದ ಉದ್ದ ಹೇಳೋ ‘ಲೆಂಗ್ತ್’ ನಂಬ್ಕೊಂಡು ಕೂರ್ಬೇಡಿ. ಅದರ ಲೆಕ್ಕದಲ್ಲಿ ‘ಕ್ಷ’ ಒಂದಲ್ಲ, 3: ಕ, ಹಲಂತ, ಷ.