ಗಿಟಾರ್ ತಂತಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ನಾನು ಹಚ್ಚಿ ಅನುಭವಿಸಿದವನು.

ಎರಡು ವರ್ಷ ಮೂಲೆಯಲ್ಲಿದ್ದ ಅಕೌಸ್ಟಿಕ್ ಗಿಟಾರ್ ಮತ್ತೆ ಕೈಗೆತ್ತಿಕೊಂಡಿದ್ದೀರಿ. ತಂತಿ ಒರಟಾಗಿವೆ, ಹತ್ತು ನಿಮಿಷ ನುಡಿಸಿದರೆ ಬೆರಳ ತುದಿ ಕಪ್ಪಾಗುತ್ತದೆ, ಬೆರಳು ಜಾರಿಸಿದರೆ ಕೀಚ್ ಅನ್ನುತ್ತದೆ. ದುಡ್ಡು ಕೊಟ್ಟು ಕ್ಲೀನರ್ ತರಿಸುವ ಬದಲು ಮನೆಯಲ್ಲಿರುವ ಕೊಬ್ಬರಿ ಎಣ್ಣೆ, ವಿನೆಗರ್, ಡಬ್ಲ್ಯೂಡಿ-40 ಸ್ಪ್ರೇ ಇವುಗಳಲ್ಲಿ ಯಾವುದಾದರೂ ನಡೆಯುತ್ತದಾ ಅಂತ ಕೇಳಿದ್ದೀರಿ. ಕೊಬ್ಬರಿ ಎಣ್ಣೆ ಬೇಡ. ವಿನೆಗರ್ ಬೇಡವೇ ಬೇಡ. ಮನೆಯಲ್ಲೇ ಇರುವ ಬೇರೆ ಎರಡು ಮೂರು ಸಾಮಾನಿನಲ್ಲಿ ಕೆಲಸ ಆಗುತ್ತದೆ. ಆದರೆ ಮೊದಲು ತಂತಿಗೆ ಹಿಡಿದಿರುವುದು ತುಕ್ಕೋ ಕಿಲುಬೋ ನೋಡಿಕೊಳ್ಳಿ. ಎರಡೂ ಬೇರೆ ಬೇರೆ.

ಗಿಟಾರನ್ನು ಕಿಟಕಿ ಹತ್ತಿರ ತನ್ನಿ. ತೆಳ್ಳಗಿರುವ ಒಂದು ಮತ್ತು ಎರಡನೇ ತಂತಿ ಬರೀ ಉಕ್ಕು. ಮೇಲೆ ತೆಳುವಾಗಿ ತವರದ ಲೇಪ ಇರುತ್ತದೆ, ಹಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಹಾಗೆ. ಆ ಕಲಾಯಿ ಸವೆದ ಜಾಗದಲ್ಲಿ ಕೆಂಪು ಚುಕ್ಕೆ ಬರುತ್ತದೆ. ಅದು ತುಕ್ಕು. ಮೂರರಿಂದ ಆರರವರೆಗಿನ ತಂತಿಗಳಿಗೆ ಒಳಗೆ ಉಕ್ಕಿನ ಎಳೆ, ಮೇಲೆ ತಾಮ್ರ ಬೆರೆತ ಲೋಹದ ಸುತ್ತು. ಪೊಟ್ಟಣದ ಮೇಲೆ 80/20 ಬ್ರಾಂಜ್ ಅಂತ ಇದ್ದರೆ 80 ಭಾಗ ತಾಮ್ರ, 20 ಭಾಗ ಸತು. ಅಂದರೆ ಹೆಸರಿಗೆ ಕಂಚು, ನಿಜವಾಗಿ ಹಿತ್ತಾಳೆ! ಫಾಸ್ಫರ್ ಬ್ರಾಂಜ್ ಅಂತಿದ್ದರೆ ಅದರಲ್ಲಿ ತಾಮ್ರದ ಜೊತೆ ತವರ ಇರುತ್ತದೆ, ಅದು ಕಂಚೇ. ಇವುಗಳಿಗೆ ಹಿಡಿಯುವುದು ಕಿಲುಬು. ಮೊದಲು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಅಲ್ಲಲ್ಲಿ ಹಸಿರು. ನಿಮ್ಮ ಬೆರಳು ಕಪ್ಪಾಗುವುದು ಈ ಕಿಲುಬು, ಬೆವರು, ಸತ್ತ ಚರ್ಮ, ಧೂಳು ಎಲ್ಲ ಸೇರಿದ ಕೊಳೆಯಿಂದ.

ಈಗ ನನ್ನ ಕಥೆ. ನಮ್ಮ ಮನೆ ದಾವಣಗೆರೆಯಲ್ಲಿ, ಅಪ್ಪನದು ಟೈಲರಿಂಗ್ ಅಂಗಡಿ. ಕಾಲೇಜಿನ ಎರಡನೇ ವರ್ಷ ನಿಮ್ಮ ಹಾಗೇ ಯೋಚಿಸಿ ಆರೂ ತಂತಿಗೆ ಕೊಬ್ಬರಿ ಎಣ್ಣೆ ಬಳಿದೆ. ಒಂದು ದಿನ ಬೆರಳು ಬೆಣ್ಣೆಯ ಮೇಲೆ ಓಡಾಡಿದ ಹಾಗೆ ಓಡಾಡಿತು. ಆಮೇಲೆ ಶುರುವಾಯಿತು. ಅಂಗಡಿ ಮನೆಯ ಮುಂಭಾಗದಲ್ಲೇ ಇದ್ದಿದ್ದರಿಂದ ಅರಳೆಯಂಥ ಧೂಳು ಯಾವಾಗಲೂ ಹಾರಾಡುತ್ತಿತ್ತು, ಅದೆಲ್ಲ ಬಂದು ತಂತಿಗೆ ಅಂಟಿತು. ಡಿಸೆಂಬರ್ ಬೇರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಬಾಟಲಿಯಲ್ಲಿ ನೋಡಿರುತ್ತೀರಿ. ಬೆಳಗ್ಗೆ ಎದ್ದು ನೋಡಿದರೆ ಸುತ್ತಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಮೇಣ. ಆರನೇ ತಂತಿ ಮೀಟಿದರೆ ಒದ್ದೆ ಹಗ್ಗ ಮೀಟಿದ ಹಾಗೆ ದಬ್ ಅಂದು ಸುಮ್ಮನಾಗುತ್ತಿತ್ತು.

ಅವ್ವ ನೋಡಿದಳು. "ಕಿಲುಬು ಹಿಡದೈತಲ್ಲೋ, ಹುಣಸೆಹಣ್ಣು ಉಪ್ಪು ಹಚ್ಚಿ ಉಜ್ಜಪ" ಅಂದಳು. ದೇವರ ಮುಂದಿನ ಹಿತ್ತಾಳೆ ದೀಪಕ್ಕೆ ಅದೇ ತಾನೆ ಮಾಡುವುದು. ಉಜ್ಜಿದೆ. ನಂಬಿ, ಅರ್ಧ ಗಂಟೆಯಲ್ಲಿ ತಂತಿ ಹೊಸದರಂತೆ ಫಳಫಳ. ಹತ್ತನೇ ದಿನಕ್ಕೆ ನಾಲ್ಕನೇ ತಂತಿ ಟ್ಯೂನ್ ಮಾಡುತ್ತಿರುವಾಗಲೇ ಪಟ್ ಅಂತ ಕಡಿಯಿತು. ಕಡಿದ ತುದಿಯಲ್ಲಿ ಸುತ್ತು ಬಿಚ್ಚಿಕೊಂಡಿತ್ತು. ಹೊರಗೆ ಚಿನ್ನದ ಬಣ್ಣ, ಒಳಗಿನ ಉಕ್ಕಿನ ಎಳೆ ಕೆಂಪಗೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತಿತ್ತು.

ಅವ್ವನದು ತಪ್ಪಲ್ಲ. ದೀಪವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ಒರೆಸುತ್ತೇವೆ. ತಂತಿಯ ಸುತ್ತಿನೊಳಗೆ ಹೋದ ಹುಳಿಯನ್ನೂ ಉಪ್ಪನ್ನೂ ಹೇಗೆ ತೊಳೆಯುತ್ತೀರಿ? ಅದು ಅಲ್ಲೇ ಕೂತು ಕೆಲಸ ಮಾಡುತ್ತಲೇ ಇರುತ್ತದೆ. ತಾಮ್ರ ಮತ್ತು ಉಕ್ಕು ಒಂದಕ್ಕೊಂದು ತಾಗಿಕೊಂಡು ನಡುವೆ ಉಪ್ಪುನೀರು ಸಿಕ್ಕರೆ ಏಟು ಬೀಳುವುದು ಉಕ್ಕಿಗೆ, ಅದೂ ಬರೀ ಉಕ್ಕಿಗಿಂತ ಬೇಗ. ವಿನೆಗರ್, ನಿಂಬೆರಸ, ಹಿತ್ತಾಳೆ ಪಾತ್ರೆ ತಿಕ್ಕುವ ಪುಡಿ ಎಲ್ಲದಕ್ಕೂ ಇದೇ ಮಾತು. ಫ್ರೆಟ್‌ಬೋರ್ಡಿಗೆ, ಅಂದರೆ ತಂತಿಯ ಕೆಳಗೆ ಬೆರಳು ಒತ್ತುವ ಮರದ ಪಟ್ಟಿಗೆ, ಲೆಮನ್ ಆಯಿಲ್ ಹಚ್ಚುತ್ತಾರೆ ಅಂತ ಕೇಳಿ ನಿಂಬೆಹಣ್ಣು ಹಿಂಡಿದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಎಣ್ಣೆ ಮಾರಾಯ್ರೇ, ರಸ ಅಲ್ಲ.

ಈಗ ನಾನು ಮಾಡುವುದು ಹೇಳುತ್ತೇನೆ. ಹಳೆ ಮದುವೆ ಕಾರ್ಡ್ ಒಂದು ತೆಗೆದುಕೊಳ್ಳಿ, ಯಾರ ಮನೆಯಲ್ಲಿ ಇಲ್ಲ ಹೇಳಿ. ಅದನ್ನು ತಂತಿಯ ಕೆಳಗೆ, ಫ್ರೆಟ್‌ಬೋರ್ಡಿನ ಮೇಲೆ ತೂರಿಸಿ. ಹಾಕುವುದೇನೂ ಮರಕ್ಕೆ ತಾಗಬಾರದು, ಅದಕ್ಕೆ. ಹಳೇ ಕಾಟನ್ ಬನಿಯನ್ನಿನ ತುಂಡಿಗೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ನಾಲ್ಕೈದು ಹನಿ ಹಾಕಿ, ಬಟ್ಟೆಯಿಂದ ತಂತಿಯನ್ನು ಚಿವುಟಿ ಹಿಡಿದು ಆ ತುದಿಯಿಂದ ಈ ತುದಿಗೆ ಎಳೆಯಿರಿ. ಚಿವುಟಿ ಹಿಡಿಯಿರಿ ಅಂದೆ, ಮೇಲೆ ಸವರುವುದಲ್ಲ. ಕೊಳೆ ಜಾಸ್ತಿ ಇರುವುದು ತಂತಿಯ ಹೊಟ್ಟೆಯ ಕಡೆ, ಮರಕ್ಕೆ ಮುಖ ಮಾಡಿರುವ ಭಾಗದಲ್ಲಿ. ಬಟ್ಟೆಯ ಮೇಲೆ ಮೊದಲ ಗೆರೆ ಕಾಡಿಗೆಯಷ್ಟು ಕಪ್ಪಗಿರುತ್ತದೆ. ಬಟ್ಟೆ ಮಡಚಿ, ಹೊಸ ಜಾಗದಿಂದ ಮತ್ತೆ ಎಳೆಯಿರಿ. ಗೆರೆ ತೆಳುವಾಗುವವರೆಗೆ. ಸ್ಪಿರಿಟ್ ತಾನೇ ಆರಿಹೋಗುತ್ತದೆ, ಅದೇ ಅದರ ಲಾಭ. ಆದರೆ ಗಿಟಾರಿನ ಪಾಲಿಶ್ ಮೇಲೆ ಬಿದ್ದರೆ ಅಲ್ಲಿ ಮಂಕಾಗಬಹುದು. ಕಡಿಮೆ ಬೆಲೆಯ ಗಿಟಾರುಗಳಲ್ಲಿ ಬೀಟೆ ಮರದ ಬದಲು ಬೇರೆ ಮರಕ್ಕೆ ಕಪ್ಪು ಬಣ್ಣ ಹಚ್ಚಿರುತ್ತಾರೆ, ಆ ಬಣ್ಣ ಸ್ಪಿರಿಟ್‌ಗೆ ಬಿಟ್ಟುಬರುತ್ತದೆ. ಮದುವೆ ಕಾರ್ಡ್ ಮರೆಯಬೇಡಿ. ದೇವರ ದೀಪ, ಒಲೆ ಹತ್ತಿರ ಮಾಡಲೂಬೇಡಿ.

ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ, ಅದೂ ಆಲ್ಕೋಹಾಲ್ ತಾನೆ ಅನ್ನಬೇಡಿ. ಅದರಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ, ಜಿಗುಟು ಉಳಿಯುತ್ತದೆ.

ಇನ್ನು ಎಣ್ಣೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ. ಶೇಂಗಾ, ಕುಸುಬೆ, ಸೂರ್ಯಕಾಂತಿ ಎಲ್ಲ ಗಾಳಿಗೆ ಬಿಟ್ಟರೆ ಕಮಟು ಹಿಡಿದು ಅಂಟಾಗುತ್ತವೆ. ಅಗಸೆ ಎಣ್ಣೆಯಂತೂ ಒಣಗಿ ವಾರ್ನಿಶ್ ಆಗುತ್ತದೆ, ಬಣ್ಣಕ್ಕೆ ಅದನ್ನು ಬೆರೆಸುವುದೇ ಅದಕ್ಕೆ. ಹೊಲಿಗೆ ಮಷಿನ್ ಎಣ್ಣೆ ಹಾಗಲ್ಲ. ಅದು ಮಿನರಲ್ ಎಣ್ಣೆ, ಸುಲಭಕ್ಕೆ ಅಂಟಾಗುವುದಿಲ್ಲ. ನಮ್ಮನೆಯಲ್ಲಿ ಅದು ಸದಾ ಕಣ್ಣೆದುರೇ ಇತ್ತು, ನಾನು ಮಾತ್ರ ಅಡುಗೆಮನೆಗೆ ಓಡಿದ್ದೆ! ಮಷಿನ್ ಎಣ್ಣೆ ಇಲ್ಲದಿದ್ದರೆ ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಫಿನ್ ಕೇಳಿ, ಮಲಬದ್ಧತೆಗೆ ಕೊಡುತ್ತಾರಲ್ಲ ಅದೇ. ತಂತಿಗೆಂದೇ ಮಾರುವ ಫಾಸ್ಟ್-ಫ್ರೆಟ್ ಕಡ್ಡಿಯಲ್ಲಿ ಇರುವುದೂ ಮಿನರಲ್ ಎಣ್ಣೆಯೇ.

ಬಟ್ಟೆಗೆ ಎರಡು ಹನಿ, ಅಷ್ಟೆ. ಸವರಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬೆರಳಿಗೆ ಎಣ್ಣೆ ಅನ್ನಿಸಿದರೆ ಜಾಸ್ತಿಯಾಯಿತು ಅಂತ ಅರ್ಥ. ಅದೂ ಒಂದು ಮತ್ತು ಎರಡನೇ ತಂತಿಗೆ ಮಾತ್ರ ಹಚ್ಚುತ್ತೇನೆ. ತೆಳು ತುಕ್ಕು ಇದ್ದರೆ ಅದರಲ್ಲೇ ಬಂದುಬಿಡುತ್ತದೆ. ಸುತ್ತಿನ ತಂತಿಗೆ ಏನೂ ಹಚ್ಚುವುದಿಲ್ಲ, ಯಾಕಂದ್ರೆ ಸಂದಿಯಲ್ಲಿ ಎಣ್ಣೆ ನಿಂತರೆ ದನಿ ಸಾಯುತ್ತದೆ. ಕೀಚ್ ಸದ್ದಿಗೂ ಎಣ್ಣೆ ಮದ್ದಲ್ಲ. ಬೆರಳು ಎತ್ತಿ ಇಡುವುದು ರೂಢಿಯಾದ ಮೇಲೆ ಅದು ತಾನೇ ಕಡಿಮೆಯಾಗುತ್ತದೆ. ಬೆರಳಿಗೆ ಪೌಡರ್ ಹಾಕಿಕೊಂಡು ನುಡಿಸುವವರಿದ್ದಾರೆ, ಅದು ಬೆವರಿಗೆ ಕಲಸಿ ಸಂದಿಯಲ್ಲಿ ಹಿಟ್ಟಾಗುತ್ತದೆ.

ಡಬ್ಲ್ಯೂಡಿ-40 ಬಗ್ಗೆ ಕೇಳಿದ್ದಿರಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲೋಹದ ಮೇಲಿನ ತೇವ ಓಡಿಸಲು ಮಾಡಿದ್ದು, 40ನೇ ಪ್ರಯತ್ನಕ್ಕೆ ಸರಿಹೋಯಿತು ಅಂತ ಆ ಹೆಸರು. ಅಟ್ಲಾಸ್ ಕ್ಷಿಪಣಿಯ ಮೈ ತುಕ್ಕು ಹಿಡಿಯದಿರಲಿ ಅಂತ ಬಳಸಿದ್ದರು. ತುಕ್ಕಿನ ಮೇಲೆ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸ್ಪ್ರೇ ಮಾಡಿದರೆ ಮರ, ಪಾಲಿಶ್ ಎಲ್ಲದರ ಮೇಲೂ ಬೀಳುತ್ತದೆ. ಬಳಸಲೇಬೇಕಾದರೆ ಬಟ್ಟೆಗೆ ಹೊಡೆದುಕೊಂಡು, ಗಿಟಾರಿನಿಂದ ದೂರ ನಿಂತು. ನಾನು ಅದನ್ನು ಗೇಟಿನ ಕೀಲಿಗೆ ಇಟ್ಟಿದ್ದೇನೆ.

ದಪ್ಪ ತಂತಿಯ ಬಾಸ್ ಗಿಟಾರಿನವರು ಹಳೆ ತಂತಿಯನ್ನು ನೀರಲ್ಲಿ ಕುದಿಸಿ ಒಣಗಿಸಿ ಮತ್ತೆ ಹಾಕುತ್ತಾರೆ. ಕೊಳೆ ಬಿಡುತ್ತದೆ, ದನಿ ಸ್ವಲ್ಪ ದಿನಕ್ಕೆ ವಾಪಸ್ ಬರುತ್ತದೆ. ಬಾಸ್ ಸೆಟ್ ದುಬಾರಿ, ಅವರಿಗೆ ಲೆಕ್ಕ ಕೂಡುತ್ತದೆ. ನಮ್ಮ ತೆಳು ತಂತಿ ಬಿಚ್ಚಿ ಮತ್ತೆ ಸುತ್ತಿದರೆ ಬಾಗಿದ ಜಾಗದಲ್ಲೇ ಕಡಿಯುವ ಸಂಭವ ಹೆಚ್ಚು.

ನಿಜವಾಗಿ ಜಾರುವಿಕೆ ಬೇಕಾಗಿರುವ ಜಾಗ ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಗಿಟಾರಿನ ತಲೆಯ ಹತ್ತಿರ ತಂತಿಗಳು ಕೂರುವ ಬಿಳಿ ಪಟ್ಟಿ, ನಟ್ ಅನ್ನುತ್ತಾರೆ. ತಂತಿ ಬಿಗಿ ಮಾಡುವ ಕೀಲಿ ತಿರುಗಿಸುವಾಗ ದನಿ ಏರದೆ ನಿಂತು, ಇದ್ದಕ್ಕಿದ್ದಂತೆ ಟಿಣ್ ಅಂದು ಹಾರುತ್ತದಾ? ತಂತಿ ಆ ಪಟ್ಟಿಯ ಸೀಳಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ತಂತಿ ಸಡಿಲ ಮಾಡಿ ಪಕ್ಕಕ್ಕೆ ಸರಿಸಿ, 2ಬಿ ಪೆನ್ಸಿಲಿನ ಮೊನೆಯಿಂದ ಸೀಳಿನೊಳಗೆ ನಾಲ್ಕು ಸಲ ಗೀರಿ. ಪೆನ್ಸಿಲಿನ ಸೀಸ ಅಂದರೆ ಗ್ರಾಫೈಟ್, ಒಣ ಎಣ್ಣೆ ಇದ್ದ ಹಾಗೆ. ಟಿಣ್ ನಿಲ್ಲುತ್ತದೆ. ಐದು ರೂಪಾಯಿ ಖರ್ಚು.

ನಮ್ಮ ಊರಿನ ಗಾಳಿ ಒಣದು, ಮಂಗಳೂರು, ಉಡುಪಿಯವರಿಗೆ ಇರುವ ಉಪ್ಪುಗಾಳಿಯ ಕಾಟ ನಮಗಿಲ್ಲ. ಇಲ್ಲಿ ತಂತಿ ಹಾಳಾಗುವುದು ಬಹುಪಾಲು ನಮ್ಮ ಕೈಯಿಂದಲೇ. ಬೆಣ್ಣೆ ದೋಸೆ ತಿಂದು, ಮಂಡಕ್ಕಿ ಮಿರ್ಚಿ ತಿಂದು, ಕೈ ಪ್ಯಾಂಟಿಗೆ ಒರೆಸಿಕೊಂಡು ನುಡಿಸಲು ಕೂತರೆ ಸ್ಪಿರಿಟ್ ಏನು ಮಾಡೀತು? ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಕೈ ಪೂರ್ತಿ ಒಣಗಲಿ. ನುಡಿಸಿ ಆದ ಮೇಲೆ ಬ್ಯಾಗಿಗೆ ಹಾಕುವ ಮುಂಚೆ ಒಣ ಬನಿಯನ್ ಬಟ್ಟೆಯಿಂದ ಆರೂ ತಂತಿ ಚಿವುಟಿ ಒರೆಸಿ. ನಾನು ಈಗ ಸ್ಪಿರಿಟ್ ಮುಟ್ಟುವುದು ತಿಂಗಳಿಗೊಮ್ಮೆ, ಕೆಲವೊಮ್ಮೆ ಅದೂ ಇಲ್ಲ.

ನಿಮ್ಮ ಎರಡು ವರ್ಷದ ತಂತಿಯ ವಿಷಯಕ್ಕೆ ಬಂದರೆ, ಒಮ್ಮೆ ಒರೆಸಿ ನೋಡಿ. ಆಮೇಲೂ ಉಗುರು ಆಡಿಸಿದಾಗ ಗರಗರ ಅಂದರೆ, ಅಥವಾ ಫ್ರೆಟ್ (ಫ್ರೆಟ್‌ಬೋರ್ಡಿನ ಮೇಲಿನ ಅಡ್ಡ ಲೋಹದ ಪಟ್ಟಿ) ತಾಗುವ ಜಾಗದಲ್ಲಿ ಕಚ್ಚು ಬಿದ್ದಿದ್ದರೆ ಬದಲಾಯಿಸಿಬಿಡಿ. ತುಕ್ಕಿನ ತಂತಿ ಫ್ರೆಟ್ಟನ್ನು ಅರ ಹಾಕಿದಂತೆ ಸವೆಸುತ್ತದೆ. ಸಾಧಾರಣ ಸೆಟ್ ₹300-500ಕ್ಕೆ ಸಿಗುತ್ತದೆ, ಕ್ಲೀನರ್ ಬಾಟಲಿಗೂ ಹೆಚ್ಚುಕಡಿಮೆ ಅಷ್ಟೇ ಕೊಡಬೇಕು. ಬಿಚ್ಚಿದ ಹಳೆ ತಂತಿಯನ್ನು ಹಾಗೇ ಕಸಕ್ಕೆ ಎಸೆಯಬೇಡಿ, ತುದಿ ಸೂಜಿಯ ಹಾಗೆ ಚುಚ್ಚುತ್ತದೆ. ಸುರುಳಿ ಸುತ್ತಿ, ಆ ಮದುವೆ ಕಾರ್ಡಿನಲ್ಲೇ ಇಟ್ಟು ದಾರ ಕಟ್ಟಿ ಹಾಕಿ. ಕಸದ ಗಾಡಿಯವರು ಎಷ್ಟೋ ಸಲ ಬರಿಗೈಯಲ್ಲೇ ಕಸ ಬೇರೆ ಮಾಡುತ್ತಾರೆ.