ಮೈದಾನ ದಾಟುತ್ತದೆ, ಇಲ್ಲವೇ ಮುಂಚೆಯೇ ಬೀಳುತ್ತದೆ

ಪ್ರಶ್ನೆ: ನನ್ನದು ರಿಮೋಟಿನಿಂದ ಹಾರಿಸುವ, ರೆಕ್ಕೆ ಮೇಲಿರುವ ಫೋಮ್ ತರಬೇತಿ ಮಾದರಿ ವಿಮಾನ, ಮೂರು ಸೆಲ್‌ಗಳ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಇಳಿಸಲು ಮೂತಿ ತಗ್ಗಿಸಿದರೆ ವೇಗ ಹೆಚ್ಚಿ ಮೈದಾನ ದಾಟುತ್ತದೆ. ಥ್ರಾಟಲ್ (ಮೋಟಾರಿನ ಶಕ್ತಿಯ ನಿಯಂತ್ರಣ) ಪೂರ್ತಿ ಇಳಿಸಿದರೆ ಮುಂಚೆಯೇ ಬೀಳುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಎಲಿವೇಟರ್‌ನಿಂದ (ಮೂತಿಯನ್ನು ಏರಿಸಿ ಇಳಿಸುವ, ಬಾಲದ ಮೇಲಿನ ಪಟ್ಟಿ) ಎತ್ತರ ಕಳೆಯಲು ಹೊರಟಿದ್ದೀರಿ, ತೊಂದರೆ ಅಲ್ಲೇ ಇದೆ. ಇಳಿಯುವಾಗ ಎತ್ತರವನ್ನು ಥ್ರಾಟಲ್‌ಗೆ ಬಿಡಿ, ವೇಗವನ್ನು ಎಲಿವೇಟರ್‌ಗೆ.

ನಂಬಿಕೆ ಬರಬೇಕಾದರೆ ಸಾಕಷ್ಟು ಎತ್ತರದಲ್ಲಿ ಹೀಗೆ ಮಾಡಿ ನೋಡಿ. ಅರ್ಧ ಥ್ರಾಟಲ್‌ನ ಆಸುಪಾಸಿನಲ್ಲಿ ವಿಮಾನ ನೇರವಾಗಿ, ಸಮಮಟ್ಟದಲ್ಲಿ ಹಾರುವಂತೆ ಟ್ರಿಮ್ ಮಾಡಿ (ಕಡ್ಡಿ ಮುಟ್ಟದೆಯೂ ಹಾಗೇ ಹಾರುವಂತೆ ಹೊಂದಿಸಿ). ಬಳಿಕ ಎಲಿವೇಟರ್ ಮುಟ್ಟದೆ ಥ್ರಾಟಲ್ ಮಾತ್ರ ತುಸು ಕಡಿಮೆ ಮಾಡಿ. ಮೂತಿ ತಾನಾಗಿ ಬಾಗಿ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಅದು ಇಳಿಯತೊಡಗುತ್ತದೆ. ಹೆಚ್ಚಿಸಿದರೆ ಏರುತ್ತದೆ. ಎಷ್ಟು ಸುಂದರವಾದ ವರ್ತನೆ! ಬೆರಳಿಗೆ ಇದು ರೂಢಿಯಾಗುವವರೆಗೆ ಇಳಿಸುವ ಆತುರ ಬೇಡ.

ಮೈದಾನ ತಲುಪುವುದಿಲ್ಲ ಎನಿಸಿದಾಗ ಮೂತಿ ಎತ್ತಲು ಎಲಿವೇಟರ್ ಎಳೆಯಲೇಬೇಡಿ. ವೇಗ ಕುಸಿದು, ರೆಕ್ಕೆ ಎತ್ತುವ ಬಲ ಕಳೆದುಕೊಂಡು, ವಿಮಾನ ಸ್ಟಾಲ್ ಆಗುತ್ತದೆ. ಥ್ರಾಟಲ್ ಸ್ವಲ್ಪ ಕೊಡಿ. ಫೋಮ್ ವಿಮಾನ ಹಗುರ, ಎದುರುಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ನೆಲ ಹತ್ತಿರವಾಗುವವರೆಗೂ ಮೋಟಾರಿಗೆ ಕೊಂಚ ಶಕ್ತಿ ಇರಲಿ.

ಸರಿಹೋಗದಿದ್ದರೆ ಮತ್ತೊಂದು ಸುತ್ತು ಹಾಕಿ. ಆಗ ಥ್ರಾಟಲ್ ಒಮ್ಮೆಲೇ ನೂಕಬೇಡಿ, ಪ್ರೊಪೆಲರ್‌ನ ತಿರುಚುಬಲಕ್ಕೆ ವಿಮಾನ ಸಾಮಾನ್ಯವಾಗಿ ಎಡಕ್ಕೆ ವಾಲುತ್ತದೆ. ಆ ಸುತ್ತಿಗೆ ಬ್ಯಾಟರಿಯಲ್ಲಿ ಕಾಲುಭಾಗವಾದರೂ ಉಳಿದಿರಬೇಕು, ಟ್ರಾನ್ಸ್‌ಮಿಟರ್‌ನಲ್ಲಿ ಟೈಮರ್ ಇಡಿ.

ನೆಲಕ್ಕಿಳಿದ ಮೇಲೆ ಮೋಟಾರ್ ತಿರುಗದಂತೆ ತಡೆಯುವ ಥ್ರಾಟಲ್ ಕಟ್ ಸ್ವಿಚ್ ಒತ್ತಿ, ಆಮೇಲಷ್ಟೇ ವಿಮಾನದ ಬಳಿ ಹೋಗಿ.